ಒಂದೇ ಒಲೆಗೆ ಎರಡು ಸಲ ನೀರು

ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ನೋಡಲು ಮನೆಗೆ ಬರುತ್ತಾರೆ. ಕಾಫಿ ಲೋಟ ಕೆಳಗಿಡುವ ಮೊದಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸರ್, ನಿಮ್ಮ ಸರ್ವೀಸಿನಲ್ಲಿ ನೀವು ಆರಿಸಿದ ಅತಿ ಕಷ್ಟದ ಬೆಂಕಿ ಯಾವುದು?" ಅವರಿಗೆ ಬೇಕಾದ ಉತ್ತರ ನನಗೆ ಗೊತ್ತು. ಮುಗಿಲೆತ್ತರದ ಜ್ವಾಲೆ, ಮುರಿದು ಬೀಳುವ ತೊಲೆ, ಯಾರದೋ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊಗೆಯೊಳಗಿಂದ ಓಡಿಬರುವ ನಾನು. ನಾನು ನಿಧಾನವಾಗಿ ಹೇಳುತ್ತೇನೆ: "ದೊಡ್ಡತಾಯಮ್ಮನ ಅಡುಗೆಮನೆಯ ಒಲೆ." ಹುಡುಗರು ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು, ವಯಸ್ಸಾಯಿತಲ್ಲ, ನೀವೇ ತಿಳಿದುಕೊಳ್ಳಿ ಅನ್ನುವ ಹಾಗೆ ಕೈ ಆಡಿಸಿ ಒಳಗೆ ಹೋಗುತ್ತಾಳೆ.

ಹಾಗಾಗಿ ಬರೆದೇ ಇಡುವುದು ವಾಸಿ ಎಂದುಕೊಂಡೆ. ನನಗೆ ಬಂದ ಬಡ್ತಿ, ಪದಕಗಳ ವಿಷಯ ಇದರಲ್ಲಿ ಇಲ್ಲ. ಅವುಗಳಿಗೆ ಪಾಲಿಶ್ ಹಾಕಿದರೆ ಹೊಳೆಯುತ್ತವೆ, ಅಷ್ಟೇ. ನಾನು ಹೇಳಹೊರಟಿರುವುದು ನಾನು ಮಾಡಿದ ಒಂದು ತಪ್ಪಿನ ಕಥೆ. ಈ ಕೆಲಸದ ಬಗ್ಗೆ ನನಗೆ ತಿಳಿದದ್ದರಲ್ಲಿ ಮುಕ್ಕಾಲು ಪಾಲು ಆ ತಪ್ಪಿನಿಂದಲೇ ತಿಳಿಯಿತು.

ನಾನು ಇಲಾಖೆಗೆ ಸೇರಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮ ಠಾಣೆಯಲ್ಲಿ ಒಂದು ಹಳೆಯ ಕೆಂಪು ಗಾಡಿ, ಅದಕ್ಕೊಂದು ಹಿತ್ತಾಳೆಯ ಗಂಟೆ, ಗಂಟೆಯ ಹಗ್ಗ ಎಳೆಯಲು ನಾನು. ಗಾಡಿ ಓಡಿಸುತ್ತಿದ್ದವನು ಸಿದ್ದಲಿಂಗು. ಆ ಗಾಡಿಯ ಮೇಲೆ ಅವನಿಗೆ ಎಂಥ ಮಮತೆಯೆಂದರೆ, ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಬೈಯುತ್ತಿರಲಿಲ್ಲ. "ಅದ್ಕೂ ಮೈ ಸರಿಯಿಲ್ಲ ಕಣ್ಲಾ, ವಸಿ ತಡ್ಕೊ" ಎನ್ನುತ್ತಿದ್ದ. ಮೈ ಸರಿಯಿಲ್ಲದ ಆ ಗಾಡಿಯೇ ಮಂಡ್ಯಕ್ಕೂ ಓಡಬೇಕು, ಮದ್ದೂರಿಗೂ ಓಡಬೇಕು, ಮಳವಳ್ಳಿಗೂ ಓಡಬೇಕು. ನಮ್ಮ ಠಾಣಾಧಿಕಾರಿ ಬೆಂಗಳೂರಿನಿಂದ ಬಂದವರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಒಂದು ದಪ್ಪ ರೂಲು ಪುಸ್ತಕ ಸದಾ ಅವರ ಕಂಕುಳಲ್ಲಿರುತ್ತಿತ್ತು. ಎಲ್ಲಾದರೂ ಹೊಗೆ ಕಂಡರೆ ನಾವು ಗಾಡಿಯ ಕಡೆ ಓಡುತ್ತಿದ್ದೆವು, ಅವರು ಪುಟ ಹುಡುಕುತ್ತಿದ್ದರು. ಆದರೆ ಒಳ್ಳೆಯ ಮನುಷ್ಯ. ಪುಟ ಸಿಕ್ಕದಿದ್ದರೂ ಗಾಡಿ ಹತ್ತದೆ ಉಳಿದವರಲ್ಲ.

ಈಗ ಫೋನು ಒತ್ತಿದರೆ ಗಾಡಿ ಬರುತ್ತದೆ. ಆಗ ಹಳ್ಳಿಯಲ್ಲಿ ಬೆಂಕಿ ಬಿದ್ದರೆ ಅದರ ಸುದ್ದಿ ಬಸ್ಸಿನಲ್ಲಿ ಬರುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ಠಾಣೆಯ ಬೆಂಚಿನ ಮೇಲೆ ಒಬ್ಬ ಯುವಕ ಬಂದು ಕೂತ. ಒಗೆದು ಮಡಿಸಿದ ಬಿಳಿ ಅಂಗಿ, ಬಾಚಿದ ತಲೆ. ಕೊಟ್ಟ ನೀರು ಕುಡಿದ. ಮಳೆ ಬೆಳೆ ಮಾತಾಡಿದ. ಯಾರನ್ನಾದರೂ ನೋಡಬೇಕಿತ್ತಾ ಎಂದು ನಾನು ಕೇಳಿದ ಮೇಲೆ, "ನಮ್ಮನೆ ಉಲ್ಲಿನ ಮೆದೆಗೆ ಬೆಂಕಿ ಬಿದ್ದದೆ" ಅಂದ.

"ಯಾವಾಗ?"

"ಬೆಳಿಗ್ಗೆ ದನ ಬುಡೋ ವತ್ನಲ್ಲಿ."

"ಈಗ ಬಂದು ಹೇಳ್ತಾ ಇದೀಯಲ್ಲಪ್ಪ!"

"ಬಸ್ಸು ಬರ್ಬೇಕಲ್ಲ ಸಾ. ಆಮೇಲೆ ಆಪೀಸಿಗೆ ಬರೋದು, ಮಸಿ ಅಂಗೀಲೇ ಬರಕ್ಕಾಯ್ತದಾ? ಮಿಂದ್ಕಂಡು ಬಂದೆ."

ಇವನ ಹೆಸರು ಮರೀಗೌಡ. ಊರು ಕೊತ್ತತ್ತಿ ದಾಟಿ ನಾಲೆಯ ಏರಿಯ ಮೇಲೆ ಸ್ವಲ್ಪ ದೂರ ಹೋದರೆ ಸಿಗುವ ಹಳ್ಳಿ. ಹೆಸರು ಬರೆಯುವುದಿಲ್ಲ, ಆ ಊರಿನವರು ಈಗಲೂ ನನ್ನನ್ನು ಊಟಕ್ಕೆ ಕರೆಯುತ್ತಾರೆ. ಗಂಟೆ ಬಾರಿಸಿಕೊಂಡು ನಾವು ಅಲ್ಲಿಗೆ ತಲುಪಿದಾಗ ಮೆದೆ ಇದ್ದ ಜಾಗದಲ್ಲಿ ಬೂದಿ ಇತ್ತು. ಬೂದಿಯ ಪಕ್ಕದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಮರೀಗೌಡನ ತಾಯಿ ನಿಂತಿದ್ದಳು. ನಮ್ಮ ಹಿತ್ತಾಳೆ ಟೋಪಿ, ಬೂಟು, ಹೆಗಲ ಮೇಲಿನ ಪೈಪು ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದಳು.

"ಬಂದ್ರಾ? ಬೂದಿ ಆರ್ಸಕ್ಕೆ?" ಅಂದಳು.

ದೊಡ್ಡತಾಯಮ್ಮ ನನ್ನ ಕಣ್ಣಿಗೆ ಬಿದ್ದದ್ದು ಹೀಗೆ. ಬೂದಿಯ ಮೇಲೆ ಎರಡು ನಿಮಿಷ ನೀರು ಬಿಟ್ಟು, ಪೈಪು ಸುತ್ತಿಕೊಂಡು ವಾಪಸಾದೆವು.

ಮುಂದಿನ ಬೇಸಿಗೆಯಲ್ಲಿ ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಹೋದೆವು. ಅಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಕಬ್ಬಿನ ಸೋಗೆ ಹೊದಿಸಿದ ಒಂದು ಇಡೀ ಸಾಲು ಮನೆ ಉರಿದುಹೋಗಿತ್ತು. ಜೀವ ಹೋಗಿರಲಿಲ್ಲ, ಮಿಕ್ಕದ್ದೆಲ್ಲ ಹೋಗಿತ್ತು. ಬೀದಿಯಲ್ಲಿ ಒಬ್ಬ ಹೆಂಗಸು ಕೂತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಒಲೆ ಹಚ್ಚಲು ಪಕ್ಕದ ಮನೆಯಿಂದ ಒಡೆದ ಮಡಕೆಯ ಚೂರಿನಲ್ಲಿ ಕೆಂಡ ತರುತ್ತಿದ್ದಳಂತೆ, ಬಿಸಿಲುಗಾಳಿ ಒಂದು ಕಿಡಿಯನ್ನು ಎತ್ತಿಕೊಂಡು ಹೋಗಿ ಸೂರಿಗೆ ಇಟ್ಟಿತು. "ಅಂಗೈಯಗಲ ಕೆಂಡ ಕಣಪ್ಪ. ಅಂಗೈಯಗಲ" ಎಂದು ಎಷ್ಟು ಸಲ ಹೇಳಿದಳೋ. ನಾವು ಎಷ್ಟು ಬೇಗ ಓಡಿದರೂ ತಡವೇ, ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವುದೇ ಈ ಕೆಲಸ ಎಂದು ಅವತ್ತು ನನಗೆ ಮನವರಿಕೆಯಾಯಿತು.

ಸಾಹೇಬರಿಗೂ ಹಾಗೇ ಅನ್ನಿಸಿತು. ಅವರು ತಮ್ಮ ರೂಲು ಪುಸ್ತಕದಿಂದ ಒಂದು ಪುಟವನ್ನು ಕನ್ನಡಕ್ಕೆ ಇಳಿಸಿ ಕರಪತ್ರ ಅಚ್ಚು ಹಾಕಿಸಿದರು. ಅದರ ಮೊದಲ ಸಾಲು: "ಮನೆಯಿಂದ ಹೊರಡುವ ಮುನ್ನ ಒಲೆಗೆ ನೀರು ಹಾಕಿ ಸಂಪೂರ್ಣವಾಗಿ ನಂದಿಸತಕ್ಕದ್ದು." ಜೊತೆಗೆ ಆಯ್ದ ಊರುಗಳ ಬೀದಿಗಳಲ್ಲಿ ಕೆಂಪು ಬಣ್ಣದ ಬಕೆಟ್ಟುಗಳನ್ನು ನೇತುಹಾಕಿಸಿದರು, ಕೆಲವಕ್ಕೆ ನೀರು, ಕೆಲವಕ್ಕೆ ಮರಳು. ತಿಂಗಳು ಬಿಟ್ಟು ಹೋಗಿ ನೋಡಿದರೆ ನೀರಿನ ಬಕೆಟ್ಟಿಗೆ ಕರು ಬಾಯಿ ಹಾಕಿತ್ತು, ಮರಳಿನ ಬಕೆಟ್ಟಿನಲ್ಲಿ ಯಾರೋ ಕೊತ್ತಂಬರಿ ಬೀಜ ಚೆಲ್ಲಿ ಸೊಪ್ಪು ಸೊಗಸಾಗಿ ಬಂದಿತ್ತು. ಸಾಹೇಬರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ತೆಗೆದರು. ಕೊತ್ತಂಬರಿಯ ವಿಷಯ ಅದರಲ್ಲಿ ಇರಲಿಲ್ಲ.

ಪ್ರಾತ್ಯಕ್ಷಿಕೆಗೆ ಎಂದು ನನ್ನನ್ನು ಊರೂರಿಗೆ ಕಳಿಸಿದರು. ನಾನು ಮದ್ದೂರಿನವನು, ಈ ಕಡೆಯ ಮಾತು ಬರುತ್ತದೆ, ದನಿಯೂ ದೊಡ್ಡದು. ಹೀಗೆ ದೊಡ್ಡತಾಯಮ್ಮನ ಊರಿಗೂ ಹೋದೆ. ಅರಳಿಕಟ್ಟೆಯ ಮುಂದೆ ನಿಂತು ಒಂದು ಗಂಟೆ ಭಾಷಣ ಮಾಡಿದೆ. ಗಂಡಸರು ಬೀಡಿ ಸೇದುತ್ತ ಕೇಳಿದರು. ಹೆಂಗಸರು ಕೇಳಲೇ ಇಲ್ಲ, ಅವರಿಗೆ ಕೆಲಸವಿತ್ತು. ಒಲೆ ಹಚ್ಚುವವರೇ ಕೇಳದಿದ್ದರೆ ಏನು ಬಂತು? ಯಾವುದಾದರೂ ಒಂದು ಅಡುಗೆಮನೆಗೇ ಹೋಗಿ ಮಾಡಿ ತೋರಿಸುತ್ತೇನೆ ಅಂದೆ. ಕೂಡಲೇ ಎಲ್ಲರೂ ಒಂದೇ ದನಿಯಲ್ಲಿ, "ಹಂಗಾರೆ ದೊಡ್ಡತಾಯವ್ವನ ಮನೆಗೆ ಓಗಿ" ಅಂದರು.

ಯಾಕೆಂದರೆ ಆ ಬೀದಿಗೆಲ್ಲ ಬೆಂಕಿ ಹೋಗುತ್ತಿದ್ದದ್ದು ಅವಳ ಒಲೆಯಿಂದ. ಊರಿನಲ್ಲಿ ಬೆಂಕಿಪೊಟ್ಟಣ ಇರಲಿಲ್ಲ ಎಂದಲ್ಲ, ಅವೆಲ್ಲ ಬೀಡಿ ಸೇದುವ ಗಂಡಸರ ಜೇಬಿನಲ್ಲಿದ್ದವು. ದೊಡ್ಡತಾಯಮ್ಮ ರಾತ್ರಿ ಕೆಂಡದ ಮೇಲೆ ಬೂದಿ ಸರಿಸಿ, ಬೆಳಿಗ್ಗೆ ಬೂದಿ ಬಿಡಿಸಿ ಊದಿದರೆ ಬೆಂಕಿ ಕಣ್ಣು ಬಿಡುತ್ತಿತ್ತು. ನೆರೆಯ ಹೆಂಗಸರು ಒಂದು ಬೆರಣಿ ತಂದು, ತುದಿಗೆ ಕೆಂಡ ಹತ್ತಿಸಿಕೊಂಡು ಹೋಗುವರು. ತಾನು ಮದುವೆಯಾಗಿ ಬಂದ ದಿನದಿಂದ ಆ ಒಲೆ ತಣ್ಣಗಾಗಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು.

ನಾನು ಒಳಗೆ ಹೋದೆ. ಹಿಂದೆ ಹತ್ತು ಹದಿನೈದು ಹೆಂಗಸರು. ಅಡುಗೆ ಮುಗಿದಿತ್ತು, ಒಲೆಯಲ್ಲಿ ಕೆಂಡ ಇತ್ತು. ದೊಡ್ಡತಾಯಮ್ಮ ಹಿತ್ತಿಲಿನಲ್ಲಿ ಇದ್ದಳು. ಅವಳು ಬರುವವರೆಗೆ ಕಾಯಬಹುದಿತ್ತು. ನಾನು ಕಾಯಲಿಲ್ಲ. "ನೋಡಿ ತಾಯಂದಿರೇ, ಹೀಗೆ ಮಾಡಬೇಕು" ಎಂದು ಹೇಳಿ ಅಲ್ಲೇ ಇದ್ದ ಒಂದು ಚೆಂಬು ನೀರನ್ನು ಎತ್ತಿ ಒಲೆಗೆ ಹೊಯ್ದೆ.

ಚುಸ್ ಎಂದಿತು. ಬೂದಿ, ಹಬೆ ಮುಖಕ್ಕೆ ಬಂತು. ತಿರುಗಿ ನೋಡಿದರೆ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡಿದ್ದಾರೆ. ಅವರನ್ನು ತಳ್ಳಿಕೊಂಡು ದೊಡ್ಡತಾಯಮ್ಮ ಒಳಗೆ ಬಂದಳು. ಒದ್ದೆ ಒಲೆ ನೋಡಿದಳು. ನನ್ನ ಕೈಯಲ್ಲಿದ್ದ ಚೆಂಬು ನೋಡಿದಳು.

"ಯಾರ್ಲಾ ಸತ್ತವ್ರೆ ನನ್ ಮನೇಲಿ?" ಅಂದಳು. ಕೂಗಲಿಲ್ಲ. ಮೆಲ್ಲಗೆ ಕೇಳಿದಳು.

ನನಗೆ ಆಗ ಹೊಳೆಯಿತು. ಮನೆಯಲ್ಲಿ ಸಾವಾದಾಗ ಮಾತ್ರ ನಮ್ಮ ಕಡೆ ಉರಿಯುವ ಒಲೆಗೆ ನೀರು ಹೊಯ್ಯುತ್ತಾರೆ. ಗೊತ್ತಿಲ್ಲದ ವಿಷಯವೇನೂ ಅಲ್ಲ. ನಮ್ಮವ್ವನೂ ಮದ್ದೂರಿನ ನಮ್ಮ ಮನೆಯಲ್ಲಿ ಒಲೆಯ ಹತ್ತಿರ ನೀರು ಚೆಲ್ಲಿದರೆ ನನ್ನ ಕಿವಿ ಹಿಂಡುತ್ತಿದ್ದಳು. ಆದರೆ ಖಾಕಿ ತೊಟ್ಟು, ಕೈಗೆ ಕರಪತ್ರ ಬಂದ ಮೇಲೆ ನಮ್ಮವ್ವ ಹೇಳಿದ್ದೆಲ್ಲ ಮರೆತುಹೋಗಿತ್ತು. ಅಚ್ಚಾದದ್ದೇ ಸರಿ ಎಂದುಕೊಂಡಿದ್ದೆ. ಬೆಂಗಳೂರಿನ ಸಾಹೇಬರು ಈ ತಪ್ಪು ಮಾಡಿದ್ದರೆ ಕ್ಷಮೆ ಇತ್ತು. ಮದ್ದೂರಿನವನು ಮಾಡಿದ್ದಕ್ಕೆ ಕ್ಷಮೆ ಇರಲಿಲ್ಲ.

ಅಷ್ಟೇ ಆಗಿದ್ದರೆ ಒಂದೆರಡು ಬೈಗುಳ ತಿಂದು ಬರಬಹುದಿತ್ತು. ಅಡುಗೆಮನೆಯ ಬಾಗಿಲಿನಲ್ಲಿ ಮರೀಗೌಡನ ಹೆಂಡತಿ ಜಯಮ್ಮ ಗೋಡೆ ಹಿಡಿದು ನಿಂತಿದ್ದಳು. ತುಂಬು ಬಸುರಿ. ಅವಳಿಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲವಂತೆ, ಇದು ಮೂರನೆಯದು. ಅವಳ ಮುಖ ಬಿಳಿಚಿಕೊಂಡಿತ್ತು. ದೊಡ್ಡತಾಯಮ್ಮ ಸೊಸೆಯನ್ನು ನೋಡಿ ನನ್ನ ಕಡೆ ತಿರುಗಿದಳು.

"ಇವ್ಳಿಗೆ ಏನಾರ ಆಗ್ಲಿ, ಆಮ್ಯಾಕೆ ನಿನ್ನ ಮಾತಾಡುಸ್ತೀನಿ. ಓಗು. ನಿನ್ ಗಂಟೆ, ಗಾಡಿ ಯಾವ್ದೂ ಈ ಊರ್ಗೆ ಬರ್ಕೂಡ್ದು."

ಕರಪತ್ರಗಳನ್ನು ಅಲ್ಲೇ ಬಿಟ್ಟು ಬಂದೆ. ಬರುವಾಗ ನಾಲೆ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ನಡೆದೆ.

ಶಕುನ, ಶಾಸ್ತ್ರ ನಾನು ನಂಬುವವನಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಆ ತಿಂಗಳು ನನಗೆ ಅನ್ನ ಸೇರಲಿಲ್ಲ. ಆ ಹುಡುಗಿಗೆ ಏನಾದರೂ ಆದರೆ ನೀರಿನಿಂದ ಆಯಿತೋ ಇನ್ನೊಂದರಿಂದ ಆಯಿತೋ, ಆ ಮನೆಯವರಿಗಂತೂ ಅದು ನನ್ನ ಕೈಯಿಂದಲೇ ಆದಂತೆ. ನನಗೂ ಹಾಗೇ ಅನ್ನಿಸುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಸೈಕಲ್ ಹತ್ತಿಕೊಂಡು ಆ ಊರಿನ ಕಡೆ ಹೋಗುವೆ, ಬಕೆಟ್ಟು ಪರೀಕ್ಷೆ ಎಂಬ ನೆಪ. ಕೊತ್ತಂಬರಿ ಬೆಳೆದ ಬಕೆಟ್ಟನ್ನು ನಾನು ಪರೀಕ್ಷಿಸಿದಷ್ಟು ಇನ್ಯಾರೂ ಪರೀಕ್ಷಿಸಿರಲಾರರು. ದೊಡ್ಡತಾಯಮ್ಮ ಜಗುಲಿಯ ಮೇಲೆ ಕೂತು ರಾಗಿ ಕೇರುತ್ತ ನನ್ನನ್ನು ನೋಡುತ್ತಿದ್ದಳು. ನಾನು ಮನೆಯ ಸೂರಿನಿಂದ ಹೊಗೆ ಏಳುತ್ತಿದೆಯೇ ಎಂದು ನೋಡುವೆ. ಹೊಗೆ ಕಂಡರೆ ಸಮಾಧಾನ. ಬೆಂಕಿ ಆರಿಸುವ ನೌಕರ ಹೊಗೆ ಕಂಡು ಸಂತೋಷಪಟ್ಟದ್ದು ಅದೇ ಮೊದಲು.

ಈ ಮಧ್ಯೆ ಮದ್ದೂರಿನಿಂದ ಒಂದು ಕರೆ ಬಂತು. ಹೆದ್ದಾರಿ ಪಕ್ಕದ ಒಂದು ಹೋಟೆಲಿನಲ್ಲಿ ವಡೆ ಕರಿಯುವ ಬಾಣಲೆಗೆ ಬೆಂಕಿ ಹತ್ತಿದೆ ಎಂದು. ನಾವು ಪೈಪು ಹಿಡಿದು ನುಗ್ಗುವಷ್ಟರಲ್ಲಿ ಬಾಣಲೆಯ ಮೇಲೆ ಒಂದು ದೊಡ್ಡ ಕೊಳದಪ್ಪಲೆಯ ಮುಚ್ಚಳ ಬೋರಲಾಗಿತ್ತು, ಅದರ ಪಕ್ಕದಲ್ಲಿ ಅಡುಗೆಯ ಭಟ್ಟರು ಈರುಳ್ಳಿ ಹೆಚ್ಚುತ್ತಿದ್ದರು.

"ಬೆಂಕಿ ಎಲ್ಲಿ?" ಅಂದೆ.

"ಮುಚ್ಚಿಟ್ಟಿದೀನಿ" ಅಂದರು. "ಆ ಪೈಪು ಆಚೆ ಇಡಿ ಮಹರಾಯ್ರೇ. ಕಾದ ಎಣ್ಣೆಗೆ ನೀರು ಬಿಟ್ರೆ ನಿಮ್ಮ ಮೀಸೇನೂ ಉಳಿಯೋದಿಲ್ಲ, ನನ್ನ ಜುಟ್ಟೂ ಉಳಿಯೋದಿಲ್ಲ. ಬೆಂಕಿಗೆ ಉಸಿರು ಕಟ್ಟಿಸಬೇಕು, ಅಷ್ಟೇ."

ಎಣ್ಣೆಗೆ ನೀರು ಬಿಡಬಾರದೆಂದು ತರಬೇತಿಯಲ್ಲಿ ನಮಗೂ ಹೇಳಿದ್ದರು. ಪರೀಕ್ಷೆಯಲ್ಲಿ ಬರೆದು ಮರೆತಿದ್ದೆವು. ನಾವು ನಾಲ್ಕು ಜನ ಪೈಪು ಹಿಡಿದುಕೊಂಡು ಆ ಮುಚ್ಚಳ ನೋಡುತ್ತ ನಿಂತೆವು. ಭಟ್ಟರು ಹೊಸ ಎಣ್ಣೆ ಇಟ್ಟು ನಮಗೆ ವಡೆ ಕರಿದುಕೊಟ್ಟರು. ಸಿದ್ದಲಿಂಗು ನಾಲ್ಕು ತಿಂದ. ನಾನು ಮುಚ್ಚಳದ ಬಗ್ಗೆಯೇ ಯೋಚಿಸುತ್ತಿದ್ದೆ.

ಅದಾದ ವಾರವೇ ದೊಡ್ಡತಾಯಮ್ಮನ ಊರಿಗೆ ಹೋದಾಗ ಮನೆಗೆ ಬೀಗ. ಸೂರಿನಲ್ಲಿ ಹೊಗೆ ಇಲ್ಲ. ಎದುರು ಮನೆಯ ಹೆಂಗಸು, "ನೋವು ಕಾಣುಸ್ಕತು, ಗಾಡಿ ಕಟ್ಕಂಡು ಮಂಡ್ಯದ ಆಸ್ಪತ್ರೆಗೆ ಓದ್ರು. ನಿನ್ನೆಯಿಂದ ಅಲ್ಲೇ ಅವ್ರೆ" ಅಂದಳು. ಸೈಕಲ್ ಅಷ್ಟು ವೇಗವಾಗಿ ನಾನು ಯಾವ ಬೆಂಕಿಗೂ ತುಳಿದವನಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ದೊಡ್ಡತಾಯಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮರೀಗೌಡ ಕಂಬಕ್ಕೆ ಒರಗಿ ನಿಂತಿದ್ದ, ಈ ಸಲ ಮಸಿ ಅಂಗಿಯಲ್ಲೇ ಬಂದಿದ್ದ. ನಾನು ಅವಳಿಂದ ಸ್ವಲ್ಪ ದೂರದಲ್ಲಿ ಕೂತೆ. ಅವಳು ಬೇಡ ಅನ್ನಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನರ್ಸಮ್ಮ ಬಂದು ದೊಡ್ಡತಾಯಮ್ಮನನ್ನು ಒಳಗೆ ಕರೆದರು. ಅವಳು ಹೊರಗೆ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಎಣ್ಮಗ" ಅಂದಳು. "ತಾಯೀನೂ ಚೆಂದಾಗವ್ಳೆ, ಮಗೀನೂ ಚೆಂದಾಗದೆ. ಏಳ್ಲಾ ಮ್ಯಾಕೆ. ನೋಡು ಎಂಗ್ ಸೊರಗೋಗಿದ್ದೀಯೆ! ಬಸ್ರಿ ಅವ್ಳಾ, ನೀನಾ?"

ಮರೀಗೌಡ ನಕ್ಕ. ನಾನು ಅತ್ತೆ. ನಾಚಿಕೆಯಿಲ್ಲದೆ ಆ ಮೊಗಸಾಲೆಯಲ್ಲಿ, ಯೂನಿಫಾರಂ ಹಾಕಿಕೊಂಡು ಅತ್ತೆ. ದೊಡ್ಡತಾಯಮ್ಮ ನನ್ನ ಪಕ್ಕ ಕೂತು, ಎಲೆಯಡಿಕೆ ಚೀಲ ಬಿಚ್ಚಿ, ವ್ಯವಹಾರಕ್ಕೆ ಇಳಿದಳು.

"ಒಲೆಗೆ ನೀರು ಅನ್ನೋ ಮಾತು ಇನ್ಮ್ಯಾಕೆ ಎತ್ಬ್ಯಾಡ. ಬ್ಯಾರೆ ಏನಾರ ಇದ್ರೆ ಯೋಳು. ಮಳವಳ್ಳಿ ಕಡೆ ಸಾಲ್ಮನೆ ಸುಟ್ಟೋಯ್ತು ಅಂದ್ರಲ್ಲ, ಅದು ನಂಗೂ ಕೇಳ್ತು. ನಾನೇನ್ ಕಿವುಡೀನಾ?"

ಮದ್ದೂರಿನ ಭಟ್ಟರ ಮುಚ್ಚಳದ ಕಥೆ ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. ಕೇಳಿ ಮುಗಿದ ಮೇಲೆ, "ಅಯ್ಯೋ, ಇದುನ್ನ ಮದ್ಲೇ ಯೋಳಕ್ಕೇನಾಗಿತ್ತು ನಿಂಗೆ? ಅದಕ್ ಪುಸ್ತಕ ಬ್ಯಾರೆ" ಅಂದಳು.

ಅವಳು ಊರಿಗೆ ಹಿಂದಿರುಗಿ ಒಲೆ ಹಚ್ಚಿದ ದಿನವೇ ಕಟ್ಟಳೆ ಮಾಡಿದಳು. ಬೆಂಕಿ ಬೇಕಾದವರು ಸಣ್ಣ ಮಡಕೆ ತರಬೇಕು, ಮಡಕೆಗೆ ಮುಚ್ಚಳ ಇರಬೇಕು, ಗಾಳಿ ಏಳುವ ಮುಂಚೆ ಬಂದು ಹೋಗಬೇಕು. ಬೆರಣಿ ಹಿಡಿದು ಬಂದವರಿಗೆ ಬೆಂಕಿ ಇಲ್ಲ, ಬೈಗುಳ ಮಾತ್ರ. ಹೊಲಕ್ಕೆ ಹೊರಡುವವರು ಕೆಂಡ ಒಟ್ಟುಗೂಡಿಸಿ, ಬೂದಿ ಸರಿಸಿ, ಮೇಲೆ ಒಡಕು ಮಡಕೆ ಬೋರಲು ಹಾಕಬೇಕು. ಒಲೆಯೂ ಬದುಕಿರುತ್ತದೆ, ಮನೆಯೂ ಉಳಿಯುತ್ತದೆ. ನಮ್ಮ ಕೆಂಪು ಬಕೆಟ್ಟಿಗೂ ಅವಳೇ ಒಂದು ದಾರಿ ಕಂಡಳು. "ಬಾಗ್ಲಲ್ಲಿ ಕಲಗಚ್ಚಿನ ಬಾನಿ ಇಲ್ವಾ? ಮನೆಮನೇಲೂ ಅದೆ, ಯಾವತ್ತೂ ತುಂಬಿರ್ತದೆ. ನಿನ್ ಬಕೀಟು ಯಾಕೆ?" ಅಂದಳು. ಅಕ್ಕಿ ತೊಳೆದ ನೀರು, ಮುಸುರೆ ನೀರು ಎಲ್ಲ ದನಗಳಿಗೆಂದು ಸುರಿದಿಡುವ ದೊಡ್ಡ ಬಾನಿ ಅದು. ದಿನವೂ ನೋಡುತ್ತಿದ್ದೆವು, ನಮ್ಮ ತಲೆಗೆ ಹೊಳೆದಿರಲಿಲ್ಲ. ಸಾಹೇಬರಿಗೆ ಹೇಳಿದಾಗ, "ಶುದ್ಧ ನೀರು ಎಂದು ಪುಸ್ತಕದಲ್ಲಿ ಇದೆಯಲ್ಲ" ಎಂದು ಗೊಣಗಿದರು. ಆದರೂ ಕರಪತ್ರದ ಮೊದಲ ಸಾಲನ್ನು ತಾವೇ ಮಸಿಯಿಂದ ಹೊಡೆದುಹಾಕಿದರು. ಉಳಿದಿದ್ದ ಕರಪತ್ರಗಳಲ್ಲೆಲ್ಲ ಒಂದೊಂದಾಗಿ ಹೊಡೆದರು, ನಮಗೆ ಮಾಡಲು ಕೊಡಲಿಲ್ಲ.

ಮರುವರ್ಷ ಶಿವರಾತ್ರಿ ಕಳೆದು ಗಾಳಿ ಎದ್ದ ದಿನಗಳಲ್ಲಿ ಆ ಊರಿನಿಂದ ಮತ್ತೆ ಸುದ್ದಿ ಬಂತು. ಈ ಸಲವೂ ತಂದವನು ಮರೀಗೌಡನೇ, ಈ ಸಲವೂ ಬಸ್ಸಿನಲ್ಲೇ. ಯಾರೋ ಬೀಡಿ ಎಸೆದು ಅವರ ಎದುರು ಮನೆಯ ಸೋಗೆಗೆ ಬೆಂಕಿ ಹತ್ತಿದೆ ಎಂದ. ನಾವು ಗಂಟೆ ಬಾರಿಸಿಕೊಂಡು ಹೋದೆವು. ಮಳವಳ್ಳಿಯ ಸಾಲುಮನೆ ನನ್ನ ಕಣ್ಣ ಮುಂದಿತ್ತು. ಹೋಗಿ ನೋಡಿದರೆ ಸೂರಿನ ಒಂದು ಮೂಲೆ ಮಾತ್ರ ಕರಿಯಾಗಿತ್ತು. ಹೆಂಗಸರು ಬೀದಿಯ ಬಾನಿಗಳನ್ನೆಲ್ಲ ಬರಿದು ಮಾಡಿ ಆರಿಸಿದ್ದರು. ಇಡೀ ಬೀದಿ ಹುಳಿ ವಾಸನೆ ಹೊಡೆಯುತ್ತಿತ್ತು, ದನಗಳು ಗೋಡೆ ನೆಕ್ಕುತ್ತಿದ್ದವು. ದೊಡ್ಡತಾಯಮ್ಮ ಮೊಮ್ಮಗಳನ್ನು ಕಂಕುಳಿಗೆ ಹಾಕಿಕೊಂಡು ನಮ್ಮೆದುರಿಗೆ ಬಂದಳು.

"ಬಂದ್ರಾ? ನೀವು ಯಾವತ್ತಪ್ಪ ಒತ್ತಿಗ್ ಸರಿಯಾಗಿ ಬರೋದು? ಬನ್ನಿ, ಬಸ್ಸಾರು ಮಾಡಿದ್ದೀನಿ. ಅದ್ನಾದ್ರೂ ಆರೋಕ್ ಮುಂಚೆ ಉಣ್ಣಿ."

ಸಾಹೇಬರು ವರದಿ ಬರೆಯಬೇಕಿತ್ತು. ಬೆಂಕಿಯನ್ನು ಯಾವುದರಿಂದ ನಂದಿಸಲಾಯಿತು ಎಂಬ ಖಾನೆಯಲ್ಲಿ ಪೆನ್ನು ನಿಂತಿತು. ಕಲಗಚ್ಚು ಸರ್, ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಸ್ಥಳೀಯವಾಗಿ ಲಭ್ಯವಿದ್ದ ದ್ರವ" ಎಂದು ಬರೆದರು. ಆಮೇಲೆ ಕೈ ತೊಳೆದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಅಲ್ಲಿಂದ ಮುಂದೆ ನಾನು ಆ ಮನೆಗೆ ಹೋಗಿಬರುವವನಾದೆ. ದೊಡ್ಡತಾಯಮ್ಮ ಇತರ ಹಳ್ಳಿಗಳಿಗೂ ನನ್ನ ಜೊತೆ ಬಂದಳು. ನಾನು ಕಟ್ಟೆಯ ಮೇಲೆ ಗಂಡಸರಿಗೆ ಭಾಷಣ ಮಾಡುವಷ್ಟರಲ್ಲಿ ಅವಳು ನಾಲ್ಕು ಅಡುಗೆಮನೆ ಹೊಕ್ಕು ಕೆಲಸ ಮುಗಿಸಿರುತ್ತಿದ್ದಳು. ಎಲ್ಲಿ ಹೋದರೂ ನನ್ನನ್ನು ಪರಿಚಯಿಸುವ ಮಾತು ಒಂದೇ: "ಇವ್ನೇ ಕಣ್ರವ್ವ, ನಾನು ಗಟ್ಟಿಯಾಗಿರ್ವಾಗ್ಲೇ ನನ್ ಒಲೆಗೆ ನೀರುಯ್ದವ್ನು." ಹೆಂಗಸರು ನನ್ನನ್ನು ನೋಡಿ ನಗುವರು. ನಕ್ಕ ಮೇಲೆ ಅವಳು ಹೇಳಿದ್ದನ್ನು ಕೇಳುವರು.

ಹೀಗೆ ಆರೇಳು ವರ್ಷ. ಆ ದಶಕದ ಕೊನೆಯ ಹೊತ್ತಿಗೆ ಸಾಹೇಬರು ವರ್ಗವಾಗಿ ಹೋಗಿ ಮತ್ತೆ ನಮ್ಮಲ್ಲಿಗೇ ಬಂದಿದ್ದರು. ಸಿದ್ದಲಿಂಗುವಿನ ಗಾಡಿಗೆ ಮೈ ಸರಿಯಿಲ್ಲದ ದಿನಗಳು ಹೆಚ್ಚಾಗಿದ್ದವು. ಒಂದು ಬೆಳಿಗ್ಗೆ ಮರೀಗೌಡ ಬಂದು ಠಾಣೆಯ ಬೆಂಚಿನ ಮೇಲೆ ಕೂತ. ನೀರು ಕೊಟ್ಟೆ. ಕುಡಿಯಲಿಲ್ಲ, ಕೈಯಲ್ಲೇ ಹಿಡಿದುಕೊಂಡ.

"ಎಲ್ಲಪ್ಪ ಬೆಂಕಿ ಈ ಸಲ?" ಎಂದು ತಮಾಷೆ ಮಾಡಿದೆ.

"ಒಲೇಲಿ ಅದೆ" ಅಂದ. "ಅವ್ವ ಓದ್ಲು ಅಣ್ಣ. ಬೆಳಕರೀತಿದ್ದಂಗೆ. ಒಲೆ ಉರೀತಾ ಅದೆ. ಯಾರೂ ಮುಟ್ಬಾರ್ದು, ನಿನ್ನೇ ಕರ್ಸಿ ನೀರುಯ್ಸಬೇಕು ಅಂತ ಯೋಳ್ಬುಟ್ಟು ಓಗವ್ಳೆ."

ಅರ್ಧ ದಿನ ರಜೆ ಕೇಳೋಣವೆಂದು ಸಾಹೇಬರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದರು.

"ಬೆಂಕಿ ಈಗಲೂ ಉರಿಯುತ್ತಿದೆಯಾ?"

"ಹೌದು ಸರ್. ಒಲೆಯಲ್ಲಿ."

"ಆರಿಸಲು ಬನ್ನಿ ಎಂದು ಮನೆಯವರೇ ಬಂದು ಕರೆದಿದ್ದಾರಾ?"

"ಕರೆದಿದ್ದಾರೆ ಸರ್."

"ಹಾಗಿದ್ದರೆ ರಜೆ ಯಾತಕ್ಕೆ? ನಾಲೆಯ ಮೇಲೆ ನೀರು ಎತ್ತುವ ಜಾಗಗಳನ್ನು ಹೇಗೂ ನೋಡಿ ಬರಬೇಕಿತ್ತು. ಗಾಡಿ ತೆಗೆಯಿರಿ. ಗಂಟೆ ಬೇಡ." ಟೋಪಿ ಹಾಕಿಕೊಂಡು ತಾವೂ ಹೊರಟರು. ರೂಲು ಪುಸ್ತಕ ಮೇಜಿನ ಮೇಲೆಯೇ ಇತ್ತು.

ಸಿದ್ದಲಿಂಗು ಕೀಲಿ ತಿರುಗಿಸಿದ. ಅವತ್ತು ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮರೀಗೌಡ ನನ್ನ ಪಕ್ಕದಲ್ಲಿ ಕೂತಿದ್ದ. ದಾರಿಯುದ್ದಕ್ಕೂ ನನ್ನ ಕೈ ಗಂಟೆಯ ಹಗ್ಗದ ಮೇಲೇ ಇತ್ತು, ಎಳೆಯಲಿಲ್ಲ.

ನಮ್ಮ ಕಡೆಯ ಪದ್ಧತಿಯಂತೆ ದೊಡ್ಡತಾಯಮ್ಮನನ್ನು ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಬೂಟು ಬಿಚ್ಚಿ ಒಳಗೆ ಹೋದೆ. ಅಡುಗೆಮನೆಯಲ್ಲಿ ಅವತ್ತಿನ ಹಾಗೆಯೇ ಹೆಂಗಸರು ನಿಂತಿದ್ದರು. ಒಲೆಯಲ್ಲಿ ಬೆಂಕಿ ಸಣ್ಣಗೆ ಉರಿಯುತ್ತಿತ್ತು, ಯಾರೋ ಬೆಳಿಗ್ಗೆಯಿಂದ ಒಂದೊಂದೇ ಪುಳ್ಳೆ ಇಟ್ಟು ಕಾಯ್ದಿದ್ದರು. ಜಯಮ್ಮ ಒಂದು ಚೆಂಬು ನೀರು ತಂದು ನನ್ನ ಕೈಗೆ ಕೊಟ್ಟಳು. ಅದೇ ಚೆಂಬೋ ಬೇರೆಯದೋ ಗೊತ್ತಿಲ್ಲ.

ನಾನು ಎಷ್ಟೋ ಮನೆಗಳ ಮೇಲೆ, ಮೆದೆಗಳ ಮೇಲೆ ನೀರು ಬಿಟ್ಟವನು. ಆ ಒಂದು ಚೆಂಬು ಎತ್ತಲು ಆಗಲಿಲ್ಲ. ನನ್ನಿಂದಾಗದು ಕಣಮ್ಮ, ನೀನೇ ಹೊಯ್ದುಬಿಡು ಎಂದು ಜಯಮ್ಮನಿಗೆ ಹೇಳಿದೆ.

ಅವಳು ಕಣ್ಣು ಒರೆಸಿಕೊಂಡು ತಲೆ ಆಡಿಸಿದಳು.

"ಇಲ್ಲ ಅಣ್ಣ, ನೀವೇ ಉಯ್ಬೇಕು. ಅತ್ತೆ ನಿನ್ನೆ ಸಂಜೆ ನಗ್ತಾ ನಗ್ತಾ ಯೋಳುದ್ರು: 'ಆವತ್ತು ಮುಂಚಿತ್ವಾಗಿ ಬಂದ್ಬುಟ್ಟಿದ್ದ. ಮಿಕ್ಕಿದ್ ಸಲ ಎಲ್ಲ ತಡ್ವಾಗ್ ಬಂದ. ಬೆಂಕಿ ಆಪೀಸ್ನವ್ರು ಒಂದ್ಸಲನಾದ್ರೂ ಒತ್ತಿಗ್ ಸರಿಯಾಗಿ ಬರ್ಲಿ, ಕರ್ಸಿ' ಅಂತ."

ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಸಾಹೇಬರು ಕೈಗಡಿಯಾರ ನೋಡಿಕೊಂಡರು. ನಾನು ಒಲೆಗೆ ನೀರು ಹೊಯ್ದೆ.